ನಾಲ್ಕನೇ ಹಾಡಿನ ಪಿಟೀಲು

"ಅದರಲ್ಲಿ ಪಿಟೀಲೇ ಇಲ್ಲ ಕಣೋ!" ಎಂದು ಅಮರಪ್ಪ ಇಯರ್‌ಫೋನಿನ ತುದಿಯನ್ನು ಕಿವಿಯಿಂದ ಕಿತ್ತು ಬಸಲಿಂಗನ ತೊಡೆಯ ಮೇಲೆ ಹಾಕಿದ.

"ಐತಣ್ಣ. ನಾಕನೇ ಹಾಡಿನ್ಯಾಗ, ಎರಡನೇ ಚರಣ ಮುಗಿದ ಕೂಡ್ಲೆ ಬರತೈತಿ. ಹೆಂಗ ಅಳತೈತಿ ಅಂತಿ!"

ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಇಬ್ಬರದೂ ಅಕ್ಕಪಕ್ಕದ ಯಂತ್ರ. ಮಧ್ಯಾಹ್ನ ಊಟವಾದ ಮೇಲೆ ಗೇಟಿನಾಚೆಯ ಹೊಂಗೆ ಮರದಡಿ ಕೂತು, ಬಸಲಿಂಗನ ಮೊಬೈಲಿನಲ್ಲಿ 'ಹುಚ್ಚು ಗಡಿಯಾರ' ತಂಡದ 'ತುಕ್ಕು' ಆಲ್ಬಮ್ ಕೇಳುವುದು ಎರಡು ವರ್ಷದಿಂದ ತಪ್ಪದ ವ್ರತ. ಇಯರ್‌ಫೋನು ಒಂದೇ. ಅಚ್ಚುಗಳನ್ನು ಎಡಬಲ ತಪ್ಪದೆ ಕೂಡಿಸಿ ಹೊಟ್ಟೆ ಹೊರೆಯುವ ಜನ ಇವರು. ಬಲದ ತುದಿ ಅಮರಪ್ಪನ ಬಲಗಿವಿಗೆ, ಎಡದ್ದು ಬಸಲಿಂಗನ ಎಡಗಿವಿಗೆ, ಒಂದು ದಿನವೂ ಅದಲುಬದಲಾದದ್ದಿಲ್ಲ. ಹಾಡು ನಡೆಯುತ್ತಿದ್ದಷ್ಟು ಹೊತ್ತೂ ಬಸಲಿಂಗ ಏನಾದರೂ ಹೇಳುತ್ತಲೇ ಇರುತ್ತಿದ್ದ, ಅಮರಪ್ಪ ತಲೆಯಾಡಿಸಿ ಹೂಂಗುಡುತ್ತಿದ್ದ.

ಆದರೆ ಈ ಪಿಟೀಲು ಅಮರಪ್ಪನ ನಿದ್ದೆ ಕೆಡಿಸಿತ್ತು. ಹದಿನೈದು ವರ್ಷದ ಪ್ರೆಸ್ಸಿನ ಬಡಿತಕ್ಕೆ ಅವನ ಎಡಗಿವಿ ಎಂದೋ ಸತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಿವುಡನ ಕೈಗೆ ಯಂತ್ರ ಕೊಡುವುದಿಲ್ಲ, ಪೊರಕೆ ಕೊಡುತ್ತಾರೆ. ಈಗ ಪಕ್ಕದವನಿಗೆ ಕೇಳುವ ಪಿಟೀಲು ತನಗೆ ಕೇಳುತ್ತಿಲ್ಲವೆಂದರೆ ಬಲಗಿವಿಯೂ ಹೊರಟಿತೇ? ಇವತ್ತು ಪಿಟೀಲು, ನಾಳೆ ಗಿಟಾರು, ಆಮೇಲೆ ಮಗಳು ಸೌಮ್ಯಳ ದನಿ. ಪಾಪ, ಅವನು ಜಗಳ ಕಾಯುತ್ತಿದ್ದದ್ದು ಬಸಲಿಂಗನ ಮೇಲಲ್ಲ, ಆ ಹೆದರಿಕೆಯ ಮೇಲೆ.

ಅಷ್ಟರಲ್ಲಿ ಎದುರಿನ ವೆಲ್ಡಿಂಗ್ ಅಂಗಡಿಯ ಮುಂದೆ ಒಂದು ವ್ಯಾನು ನಿಂತಿತು. ಮುರಿದ ಮೈಕ್ ಸ್ಟ್ಯಾಂಡೊಂದನ್ನು ಹಿಡಿದು ಇಳಿದವನಿಗೆ ಹೆಗಲ ಮೇಲೆ ಬಿದ್ದ ನರೆಗೂದಲು, ಕೈಯಲ್ಲಿ ತಾಮ್ರದ ಕಡಗ. ಬಸಲಿಂಗ ಎದ್ದೇ ನಿಂತ. ಆಲ್ಬಮ್ಮಿನ ಚಿತ್ರದಲ್ಲಿ ದಿನಾ ನೋಡುತ್ತಿದ್ದ ಮುಖ, 'ಹುಚ್ಚು ಗಡಿಯಾರ'ದ ಭಾನುಪ್ರಕಾಶ್! ತುಮಕೂರಿನ ಕಾಲೇಜಿನಲ್ಲಿ ಹಾಡಲು ಹೊರಟಿದ್ದರಂತೆ.

ಇಬ್ಬರೂ ರಸ್ತೆ ದಾಟಿ ಓಡಿದರು. "ಸಾರ್, ಸಾರ್" ಎಂದು ಎಡಗಡೆಯಿಂದ ನಾಲ್ಕು ಸಲ ಕರೆದರೂ ಆತ ತಿರುಗಲಿಲ್ಲ.

"ದೊಡ್ಡ ಮಂದಿ ಬಿಡಣ್ಣ, ನಮ್ಮ ಕಡಿ ಯಾಕ ನೋಡ್ತಾರ?" ಎಂದು ಬಸಲಿಂಗ ಮುಖ ಸಪ್ಪಗೆ ಮಾಡಿದ.

ಅಮರಪ್ಪ ಬಿಡಲಿಲ್ಲ, ಬಲಕ್ಕೆ ಸುತ್ತಿ ಬಂದು ನಿಂತ. "ಸಾರ್, ಒಂದೇ ಮಾತು. 'ತುಕ್ಕು' ನಾಲ್ಕನೇ ಹಾಡಲ್ಲಿ ಪಿಟೀಲು ಇದ್ಯಾ?"

ಭಾನುಪ್ರಕಾಶ್ ಬೆಚ್ಚಿ ನೋಡಿ ಬಾಯಿತುಂಬ ನಕ್ಕ. "ಇದೆಯಲ್ಲ! ಆ ಹಾಡಿನ ಜೀವಾನೇ ಅದು."

ಅಮರಪ್ಪನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಅದನ್ನು ಕಂಡು ಆತನ ನಗು ನಿಂತಿತು. "ಯಾಕಣ್ಣ? ನೀವು ಹೇಗೆ ಕೇಳ್ತೀರಿ ಅದನ್ನ?"

ಬಸಲಿಂಗ ಇಯರ್‌ಫೋನು ತೋರಿಸಿ, ಯಾರದು ಯಾವ ತುದಿ ಎಂದು ವಿವರಿಸಿದ. ಭಾನುಪ್ರಕಾಶ್ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ಗುರು, ಎರಡು ತುದೀಲೂ ಒಂದೇ ಬರಲ್ಲ! ಪಿಟೀಲನ್ನ ಎಡಕ್ಕೆ ಮಾತ್ರ ಇಟ್ಟಿದ್ದೀವಿ, ಗಿಟಾರು ಬಲಕ್ಕೆ. ಎರಡು ವರ್ಷ ಒಬ್ಬರು ಬರೀ ಮುದ್ದೆ, ಒಬ್ಬರು ಬರೀ ಸಾರು ಉಂಡಿದ್ದೀರಲ್ಲ!"

ಎಡದ ತುದಿಯನ್ನು ತಾನೇ ಅಮರಪ್ಪನ ಬಲಗಿವಿಗೆ ಸಿಕ್ಕಿಸಿದ. ಎರಡನೇ ಚರಣ ಮುಗಿಯಿತು. ಪಿಟೀಲು ಬಂತು. ಅಮರಪ್ಪ ಹಾಗೇ ವ್ಯಾನಿಗೆ ಒರಗಿ ನಿಂತ; ಕಣ್ಣು ತುಂಬಿದ್ದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ. ಕಿವಿ ಉಳಿದಿತ್ತು.

"ಏ, ಇದರಾಗ ಗಿಟಾರ್ ಐತಲ್ಲೋ ಅಣ್ಣ!" ಎಂದು ಇನ್ನೊಂದು ತುದಿ ಹಿಡಿದಿದ್ದ ಬಸಲಿಂಗ ಕೂಗಿದ. ಖುಷಿಗೆ ಅವನು ಅದನ್ನು ಭಾನುಪ್ರಕಾಶನ ಎಡಗಿವಿಗೇ ಹಿಡಿದ. "ನೀವೂ ಕೇಳ್ರಿ ಸರ!"

ಭಾನುಪ್ರಕಾಶ್ ಮೆಲ್ಲಗೆ ಅದನ್ನು ತೆಗೆದು, ಕುತ್ತಿಗೆ ಹೊರಳಿಸಿ, ಬಲಗಿವಿಗೆ ಇಟ್ಟುಕೊಂಡ. ಆ ಹೊರಳಿಕೆ ಅಮರಪ್ಪನಿಗೆ ಚೆನ್ನಾಗಿ ಗೊತ್ತು. ದಿನಕ್ಕೆ ನೂರು ಸಲ ತಾನೇ ಹಾಗೆ ಹೊರಳಿಸುತ್ತಿದ್ದ. ಬಾಯಿಗೆ ಬಂದದ್ದು ತಡೆಯಲಿಲ್ಲ.

"ನಿಮ್ದು ಯಾವ ಪ್ರೆಸ್ಸು ಸಾರ್?"

ಆತ ಒಂದು ಗಳಿಗೆ ಅರ್ಥವಾಗದೆ ನೋಡಿದ. ಅರ್ಥವಾದಾಗ ದನಿ ತಗ್ಗಿಸಿದ. "ಡ್ರಮ್ಸು ಅಣ್ಣ. ಇಪ್ಪತ್ತು ವರ್ಷ ಎಡಗಡೇಲೇ ಬಡಿದ್ರು. ತಂಡದೋರಿಗೆ ಗೊತ್ತಿಲ್ಲ, ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ ಸಾರ್. ನಂದೂ ಶಾಪಲ್ಲಿ ಯಾರ್ಗೂ ಗೊತ್ತಿಲ್ಲ."

ಹೇಳಿಬಿಟ್ಟ ಮೇಲೆ ಪಕ್ಕದಲ್ಲಿ ಬಸಲಿಂಗ ಇರುವುದು ನೆನಪಾಯಿತು.

ಸೈರನ್ ಆಯಿತು. ಇಬ್ಬರೂ ರಸ್ತೆ ದಾಟಿದರು. ಹೊಂಗೆ ಮರದ ಹತ್ತಿರ ಬಸಲಿಂಗ ನಿಂತು, "ಅಣ್ಣ, ಹಾಡು ಕೇಳೋವಾಗ ನಿನ್ನ ಬಲಗಿವಿಗೆ ಇಯರ್‌ಫೋನು. ಎಡಗಿವಿ ಇಲ್ಲ. ಎರಡು ವರ್ಷ ನಾ ಹೇಳಿದ್ದರಾಗ ನಿನಗ ಎಷ್ಟು ಕೇಳೇತಿ?" ಎಂದ.

ಅಮರಪ್ಪ ತಲೆ ತಗ್ಗಿಸಿದ. "ಏನೂ ಕೇಳ್ಸಿಲ್ಲ ಕಣೋ. ನೀನು ಹೇಳ್ತಿದ್ದೆ, ಚೆನ್ನಾಗಿತ್ತು, ನಾನು ಹೂಂ ಅಂತಿದ್ದೆ."

ಬಸಲಿಂಗ ಇಯರ್‌ಫೋನನ್ನು ಸುತ್ತಿ ಜೇಬಿಗಿಟ್ಟುಕೊಂಡ. ಸುತ್ತಿ ಬಂದು ಅವನ ಬಲಕ್ಕೆ ನಿಂತು, ಹೆಗಲ ಮೇಲೆ ಕೈ ಹಾಕಿ ಗೇಟಿನ ಕಡೆ ನಡೆದ.

"ಹಂಗಾರ ಮೊದಲಿಂದ ಹೇಳ್ತೀನಿ ತಗೋ. ನಮ್ಮವ್ವನ ಹೆಸರು ರುಕ್ಮವ್ವ..."