ಬೇರೆಯವರ ಔಷಧಿ

ಬರೀ ಗುಳಿಗೆಗಳು ರೋಗಕ್ಕೆ ನಾಟುವುದು ನಿಂತ ಮೇಲೆ ಹುಬ್ಬಳ್ಳಿಯಲ್ಲಿ ಪ್ರತಿ ರೋಗಿಗೂ ಬೇರೆಯದೇ ಔಷಧಿ. ರೋಗಿಯ ಕೀವಿನಲ್ಲಿರುವ ರೋಗಾಣುವನ್ನು ತಿನ್ನುವ ವೈರಸ್ಸನ್ನು ಗಟಾರದ ನೀರಿನಲ್ಲಿ ಹುಡುಕಿ, ಶೀಷೆಯಲ್ಲಿ ಬೆಳೆಸಿ, ಹಳೆಯ ಗುಳಿಗೆಯ ಜೊತೆಗೆ ಕೊಡುತ್ತಿದ್ದರು.

ನರ್ಸ್ ಮೆಹರುನ್ನೀಸಾ ಬಾಣಂತಿಯೊಬ್ಬಳ ಔಷಧಿಯ ಶೀಷೆಯನ್ನು ಚೀಲದಲ್ಲಿ ಒಯ್ಯುತ್ತಿದ್ದಾಗ, ಗ್ಯಾರೇಜಿನ ಓಣಿಯಲ್ಲಿ ಕುಡಗೋಲು ಹಿಡಿದ ಒಬ್ಬ ಅಡ್ಡ ಬಂದ.

"ಚೀಲ ಕೊಡ್ರಿ ಅಕ್ಕಾರ. ನನ್ನ ಹೇಂತಿ ಸಾಯಾಕತ್ತಾಳ."

"ಇದು ಆಕಿಗೆ ನಾಟಂಗಿಲ್ಲೋ ತಮ್ಮಾ. ಬ್ಯಾರೆಯವರ ರೋಗಕ್ಕ ಮಾಡಿದ್ದು."

"ದವಾಖಾನ್ಯಾಗೂ ಹಿಂಗ ಅಂದು ಹೊರಗ ದಬ್ಬಿದ್ರು!" ಎಂದವನೇ ಕುಡಗೋಲು ಬೀಸಿದ.

ಅವಳ ಮುಂಗೈ ಸೀಳಿತು. ಚೀಲವನ್ನು ಹೊಟ್ಟೆಯಡಿಗೆ ಹಾಕಿಕೊಂಡು ಬೋರಲು ಬಿದ್ದಳು. ಅವನು ಪಕ್ಕೆಗೆ ಒದೆಯತೊಡಗಿದ. ಅಷ್ಟರಲ್ಲಿ ಗ್ಯಾರೇಜಿನವರು ಕಬ್ಬಿಣದ ಸಲಾಕೆಗಳೊಂದಿಗೆ ಓಡಿಬಂದರು. ಮೊದಲ ಏಟಿಗೆ ಅವನ ಮಣಿಕಟ್ಟು ಮುರಿಯಿತು, ಎರಡನೆಯದಕ್ಕೆ ಹಲ್ಲುಗಳು ರಕ್ತದೊಂದಿಗೆ ಉದುರಿದವು. ಸಲಾಕೆ ತಲೆಯ ಮೇಲೆ ಎದ್ದಾಗ ಮೆಹರುನ್ನೀಸಾ ಅವನ ಮೇಲೆ ಬಿದ್ದಳು. ಏಟು ಅವಳ ಭುಜಕ್ಕೆ ತಾಗಿತು.

"ಸಾಕು ಮಾಡ್ರಿ! ಸತ್ತು ಹೋಗ್ತಾನ ಅವ!"

ಎಲ್ಲರೂ ಹಿಂದೆ ಸರಿದರು. ಅವಳು ಗ್ಯಾರೇಜಿನ ಯಜಮಾನನ ಕೈಗೆ ಚೀಲ ಕೊಟ್ಟು ಬಾಣಂತಿಯ ಮನೆಗೆ ಓಡಿಸಿದಳು. ಆಮೇಲೆ ದುಪಟ್ಟಾದಿಂದ ತನ್ನ ಗಾಯ ಬಿಗಿದು, ಬಿದ್ದವನ ಕೊರಳಪಟ್ಟಿ ಹಿಡಿದೆತ್ತಿದಳು.

"ನಿನ್ನ ಮನಿ ಎಲ್ಲೈತಿ?"

"ಪೊಲೀಸ್ರನ್ನ ಕರಕೊಂಡು ಬರ್ತೀರೇನ್ರಿ?"

"ಆಕಿ ಕೀವು ತಗೋಬೇಕು. ಅದಿಲ್ಲದ ಆಕಿ ಔಷಧಿ ಎಲ್ಲಿ ಹುಡುಕ್ಲಿ? ಏಳು, ದಾರಿ ತೋರ್ಸು."

ಮುರಿದ ಕೈಯನ್ನು ಎದೆಗೊತ್ತಿಕೊಂಡು ಅವನು ಅಳುತ್ತ ಮುಂದೆ ನಡೆದ.