ಐದು ಸ್ಪೀಕರುಗಳೂ ಒಂದು ಗೋಡೆಯೂ

ಗೋಡೆಯ ಆಚೆಯಿಂದ ಮತ್ತೆ ಬಡಿತ ಕೇಳಿಸಿತು. ದರ್ಜಿ ಥಟ್ಟನೆ ಎದ್ದ. ರಿಮೋಟಿಗೆ ತಡಕಾಡಿ, ಸದ್ದನ್ನು ತಗ್ಗಿಸಿದ. ಬಡಿತ ನಿಲ್ಲಲಿಲ್ಲ, ಇನ್ನಷ್ಟು ಬಿರುಸಾಯಿತು.

"ಕೆಟ್ಟೆವು ಕಣೇ," ಎಂದ ಹೆಂಡತಿಗೆ. "ನಾಳೆ ಬಾಡಿಗೆ ಕರಾರು ಮುಗಿಯುತ್ತೆ. ಇವತ್ತೇ ನಿಂಗೆ ಈ ಹೋಮ್ ಥಿಯೇಟರ್ ಬೇಕಿತ್ತಾ?"

"ನಂಗಾ? ನಮ್ಮಣ್ಣ ಹಳೇದು ಕೊಡ್ತೀನಿ ಅಂದಿದ್ದೇ ತಡ, ಓಡಿಹೋಗಿ ಹೊತ್ಕೊಂಡು ಬಂದೋರು ಯಾರು?"

ಗೋಡೆಯ ಆಚೆ ಇದ್ದವರು ಮನೆಯ ಒಡತಿ. ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರು ಮೆಟ್ಟಿಲಿಳಿದು ಬಂದರೆ ಇಡೀ ಕಟ್ಟಡ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿತ್ತು. ಟೀವಿಯೆಂಬ ಪೆಟ್ಟಿಗೆ ತಾವಿರುವ ಮನೆಯ ಹೊಸ್ತಿಲು ದಾಟಕೂಡದೆಂದು ಅವರು ಎಲ್ಲರೆದುರು ಸಾರಿದ್ದರು. ನುಡಿದಂತೆಯೇ ನಡೆದುಕೊಂಡೂ ಇದ್ದರು. ಹಿಂದಿನ ಬಾಡಿಗೆದಾರರು ಗಂಟುಮೂಟೆ ಕಟ್ಟಿದ್ದು ಟೀವಿಯ ರಗಳೆಯಿಂದಲೇ ಎಂದು ಕಾವಲುಗಾರ ಮೊದಲ ದಿನವೇ ಕಿವಿಯಲ್ಲಿ ಊದಿದ್ದ.

ದರ್ಜಿಯ ಅಂಗಡಿ ಇದೇ ಕಟ್ಟಡದ ಕೆಳಗಿತ್ತು. ಹೆಂಡತಿ ನರ್ಸಾಗಿದ್ದ ಆಸ್ಪತ್ರೆ ರಸ್ತೆಯ ಆಚೆ ಬದಿಗೆ. ಇಂಥ ಮನೆ ಕೈತಪ್ಪಿದರೆ ಇನ್ನೊಂದು ಸಿಗುವಂತಿರಲಿಲ್ಲ.

ಹೋಮ್ ಥಿಯೇಟರ್ ಜೋಡಿಸುವುದರಲ್ಲೂ ಅವನು ಅಜಾಗರೂಕನಾಗಿರಲಿಲ್ಲ. ಮಧ್ಯಾಹ್ನ, ಸ್ಪೀಕರುಗಳಿಗೆಲ್ಲ ಸದ್ದು ಹಂಚುವ ರಿಸೀವರನ್ನು ಗಾಳಿಯಾಡುವ ಹಲಗೆಯ ಮೇಲೆ ಕೂರಿಸಿ, ಪ್ಲಗ್ಗನ್ನು ಕಿತ್ತಿಟ್ಟ ಮೇಲೆಯೇ ತಂತಿಗಳಿಗೆ ಕೈಹಾಕಿದ್ದ. ಹೊಲಿಗೆಯ ಟೇಪಿನಿಂದ ಅಳೆದ. ತುಸು ಧಾರಾಳವಾಗಿಯೇ ಕತ್ತರಿಸಿದ. ತುದಿಯ ಸಿಪ್ಪೆಯನ್ನು ಹೆಂಡತಿ ಬ್ಯಾಂಡೇಜು ಬಿಚ್ಚುವಷ್ಟು ನಾಜೂಕಾಗಿ ಸುಲಿದಳು. ಎಳೆಗಳನ್ನು ಅವನು ಸೂಜಿಗೆ ಪೋಣಿಸುವ ನೂಲಿನಂತೆ ಹೊಸೆದ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದೆಳೆಯೂ ಪಕ್ಕದ್ದಕ್ಕೆ ಸೋಕಲಿಲ್ಲ. ಟೀವಿಯ ಬೆನ್ನಿನ ಕಿಂಡಿಗಳಲ್ಲಿ, ಸದ್ದನ್ನು ರಿಸೀವರಿಗೆ ಕಳಿಸುವ, ಏಆರ್‌ಸಿ ಎಂದು ಬರೆದಿದ್ದನ್ನೇ ಹುಡುಕಿ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ್ದಾಯಿತು. ಟೀವಿಯ ಸ್ವಂತ ಬಾಯಿಯನ್ನು ಮುಚ್ಚಿಸಿದ್ದೂ ಆಯಿತು.

ಟೀವಿಯ ಜಾಗವೂ ಬದಲಾಯಿತು. ಅಷ್ಟು ಕಾಲ ಅದು ಒಡತಿಯ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು; ಈಗ ಎದುರು ಗೋಡೆಗೆ ಹೋಯಿತು. ಅದರ ಕೆಳಗೆ ನಡುವಿನ ಸ್ಪೀಕರು, ಎಡಬಲಕ್ಕೆ ಒಂದೊಂದು. ಒಡತಿಯ ಗೋಡೆಗೆ ಸೋಫಾ ಬಂತು. ಅದರ ಮೇಲುಗಡೆ, ಕುಳಿತವರ ಕಿವಿಗಿಂತ ತುಸು ಎತ್ತರದಲ್ಲಿ, ಹಿಂದಿನ ಎರಡು ಸ್ಪೀಕರುಗಳು.

"ಈ ಗೋಡೆ ಹಪ್ಪಳದಷ್ಟು ತೆಳು. ಟೀವಿ ದೂರ ಹೋಗಿದ್ದು ಓನರಮ್ಮನಿಗೂ ಒಳ್ಳೇದೇ," ಎಂದಿದ್ದಳು ಹೆಂಡತಿ.

ಮೊದಲ ಸಲ ಗುಂಡಿ ಒತ್ತಿದಾಗ ಐದೂ ಸ್ಪೀಕರುಗಳು ಒಂದೇ ಮಾತನ್ನು ಒಟ್ಟಿಗೆ ಆಡಿದವು, ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ. ನಿನ್ನೆಯ ಧಾರಾವಾಹಿಯ ಮರುಪ್ರಸಾರ ಗಂಟಲು ಹರಿಯುವಂತೆ ಕೂಗಿತು. ಗೋಡೆಯ ಆಚೆಯಿಂದ ಕಿಮಕ್ ಎಂಬ ಸದ್ದೂ ಬರಲಿಲ್ಲ.

"ಅಯ್ಯೋ, ಇದು ತಪ್ಪು ರೀ," ಎಂದಳು ಕೈಪಿಡಿ ಓದುತ್ತಿದ್ದ ಹೆಂಡತಿ. "ಎಲ್ಲದರಲ್ಲೂ ಒಂದೇ ಬರೋದು ಪಾರ್ಟಿ ಗದ್ದಲಕ್ಕಂತೆ. ಮಾತು ಎದುರುಗಡೆ, ಮಧ್ಯದಿಂದ ಬರಬೇಕು. ಹಿಂದಿನವು ಬರೀ ಗಾಳಿ, ಮಳೆ, ಹೆಜ್ಜೆ ಸಪ್ಪಳಕ್ಕೆ. ಅದಕ್ಕೇ ಸರೌಂಡ್ ಅನ್ನೋದು."

ಆಯ್ಕೆ ಬದಲಾಯಿತು. ಸೋಫಾದ ಮೇಲೆ ಕಿವಿಯ ಮಟ್ಟಕ್ಕೆ ಅಳತೆಯ ಮೈಕನ್ನು ನಿಲ್ಲಿಸಿ, ಫ್ಯಾನನ್ನೂ ಆರಿಸಿ, ಇಬ್ಬರೂ ಉಸಿರು ಬಿಗಿಹಿಡಿದರು. ಯಂತ್ರ ಒಂದೊಂದು ಸ್ಪೀಕರಿನಿಂದಲೂ ಸಿಳ್ಳೆ ಹಾಕಿಸಿ, ಯಾವುದು ಎಷ್ಟು ದೂರ, ಎಷ್ಟು ಜೋರು ಎಂಬುದನ್ನು ತಾನೇ ಲೆಕ್ಕ ಹಾಕಿಕೊಂಡಿತು. ಜೋಡಣೆ ಕೈಪಿಡಿಯ ಚಿತ್ರವನ್ನೇ ಹೋಲುವಂತಾಯಿತು.

ಸಂಜೆ ಹೊಸ ಕಂತು ಶುರುವಾಯಿತು. ಬಡಿತವೂ ಶುರುವಾಯಿತು.

"ಹಿಂದಿನವೇ ರೀ ಅವರ ಗೋಡೆಗೆ ಅಂಟ್ಕೊಂಡಿರೋದು. ಅವನ್ನ ಆರಿಸಿಬಿಡಿ."

ಆರಿಸಿದ. ಬಡಿತಕ್ಕೆ ಗೋಡೆಯೇ ಅದುರತೊಡಗಿತು. ಚಿತ್ರಪಟಗಳು ಮೊಳೆಯ ಮೇಲೆ ಕುಣಿದವು. ದರ್ಜಿ ದಿಕ್ಕುತೋಚದೆ ಇಡೀ ಯಂತ್ರವನ್ನೇ ಆರಿಸಿಬಿಟ್ಟ. ಮರುಕ್ಷಣ ಕರೆಗಂಟೆ ಮೊಳಗಿತು.

ಬಾಗಿಲಲ್ಲಿ ಒಡತಿ. ಕನ್ನಡಕ ಮೂಗಿನ ತುದಿಯಲ್ಲಿ, ಮುಖ ಕೆಂಪಾಗಿತ್ತು.

"ತಪ್ಪಾಯ್ತಮ್ಮಾ," ದರ್ಜಿ ತೊದಲಿದ. "ಈಗಲೇ ಎಲ್ಲಾ ಬಿಚ್ಚಿಹಾಕ್ತೀನಿ."

"ತಡಿಯಯ್ಯ. ಇದನ್ನ ಜೋಡಿಸಿದ್ದು ಯಾರು?"

"ನಾನೇ, ಅಮ್ಮ."

"ಪುಸ್ತಕ ನೋಡಿಯೋ, ನೋಡದೆಯೋ?"

"ನೋಡೇ ಮಾಡಿದ್ದು," ಹೆಂಡತಿ ಗಂಡನ ನೆರವಿಗೆ ಬಂದಳು. "ಮಧ್ಯಾಹ್ನ ತಪ್ಪಾಗಿತ್ತು. ಆಮೇಲೆ ಸರಿಮಾಡಿದ್ವಿ."

"ಅಲ್ಲೇ ಕೆಟ್ಟಿದ್ದು," ಎಂದರು ಒಡತಿ. ಒಳಗೆ ಬಂದು ಎದುರು ಗೋಡೆಯ ಟೀವಿಯನ್ನು ನೋಡಿದರು. ಸೋಫಾದ ಮೇಲಿನ ಸ್ಪೀಕರುಗಳನ್ನು ನೋಡಿದರು. ತಪ್ಪು ಲೆಕ್ಕ ಮಾಡಿದ ಹುಡುಗನ ಪಾಟಿಯನ್ನು ನೋಡುವಂತೆ ತಲೆಯಾಡಿಸಿದರು. "ಈ ಮನೆ ನಿಮಗೆ ಇನ್ನೂ ಬೇಕೋ, ಬೇಡವೋ?"

"ಬೇಕಮ್ಮಾ!" ಇಬ್ಬರ ಬಾಯಿಂದಲೂ ಒಟ್ಟಿಗೆ ಹೊರಟಿತು.

ಒಡತಿ ಹಿಂದಕ್ಕೆ ತಿರುಗಿ ಮೆಟ್ಟಿಲ ಕಡೆಗೊಮ್ಮೆ ಇಣುಕಿದರು. ಯಾರೂ ಇರಲಿಲ್ಲ. ಬಾಗಿಲನ್ನು ಮೆಲ್ಲಗೆ ಮುಚ್ಚಿ, ಸೋಫಾದ ತುದಿಯಲ್ಲಿ ಕುಳಿತು, ಸ್ವರ ತಗ್ಗಿಸಿದರು.

"ಹಿಂದಿನವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸ್ಕೊಂಡು ಟೀವಿ ನೋಡೋರು, ಅದಕ್ಕೇ ಕಳಿಸಿಬಿಟ್ಟೆ; ನೀವು ನೋಡಿದ್ರೆ ಬರೀ ಗಾಳಿ, ಸಪ್ಪಳ ನನ್ನ ಗೋಡೆಗೆ ಬಿಟ್ಟು, ಮಾತನ್ನೆಲ್ಲ ಆ ಕಡೆ ಸಾಗಿಸಿಬಿಟ್ರಿ — ಹೇಳು ಮಗಳೇ, ಇವತ್ತಿನ ಕಂತಲ್ಲಿ ಬಾಗಿಲು ತೆಗೆದ ಮೇಲೆ ಆ ಸೊಸೆ ಏನಂದ್ಲು?"