ತೋರಣದ ಮೊಳೆಗೆ ಬಾವುಟ

ಬಾಗಿಲ ತೋರಣ ಕಿತ್ತು ಹೆಂಡತಿಯತ್ತ ಎಸೆದು, ಕಮಲಾಕ್ಷ ಅದೇ ಎರಡು ಮೊಳೆಗಳಿಗೆ ಬಾವುಟ ಕಟ್ಟಿದ. ಸ್ಟೂಲ್ ಅಲ್ಲಾಡುತ್ತಿದೆ ಎಂದುಕೊಂಡ. ಅಲ್ಲಾಡುತ್ತಿದ್ದುದು ಅವನ ಕಾಲು.

ಕೆಳಗೆ ವಿಜೇತಾ ಹೊಸಿಲ ಮುಂದಿನ ರಂಗೋಲಿ ಸ್ಟಿಕ್ಕರನ್ನು ದೋಸೆ ಸಟ್ಟುಗದಿಂದ ಕೆರೆದು ತೆಗೆಯುತ್ತಿದ್ದಳು. ಮೆಲ್ಬರ್ನ್ ಪೇಟೆಯಲ್ಲಿ ಅಂದು ವಲಸೆ ಬಂದವರ ವಿರುದ್ಧ ಮೆರವಣಿಗೆ. ಇಲ್ಲಿ ಕ್ರಾನ್‌ಬರ್ನ್‌ನಲ್ಲಿ ಹಿಂದಿನ ವಾರವೇ ಪಕ್ಕದ ಬೀದಿಯ ಪಂಜಾಬಿಯೊಬ್ಬನ ಗ್ಯಾರೇಜ್ ಬಾಗಿಲ ಮೇಲೆ ಯಾರೋ 'ನಿನ್ನ ದೇಶಕ್ಕೆ ತೊಲಗು' ಎಂದು ಬಣ್ಣದಲ್ಲಿ ಗೀಚಿ ಹೋಗಿದ್ದರು. ಬೆಳಗಾಗುತ್ತಲೇ ಸಿಡ್ನಿಯ ರೌಸ್ ಹಿಲ್‌ನಿಂದ ವಿಜೇತಾಳ ತಮ್ಮ ಮನೋಜ್ ಫೋನ್ ಮಾಡಿದ್ದ. "ಭಾವ, ಮನೆ ಎದುರು ಒಂದು ಆಸ್ಟ್ರೇಲಿಯಾ ಫ್ಲಾಗ್ ಹಾಕಿಬಿಡಿ. ನಾನು ಹಾಕಿ ಆಯ್ತು. ಯಾರೂ ಮುಟ್ಟುದಿಲ್ಲ."

ಕಮಲಾಕ್ಷ ಕಾರು ತೆಗೆದು ಅಂಗಡಿ ಅಂಗಡಿ ಸುತ್ತಿದ್ದ. ಎಲ್ಲ ಕಡೆ ಬಾವುಟ ಖಾಲಿ. ಕೊನೆಗೊಂದು ಅಗ್ಗದ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಒಂದು ಬಿದ್ದಿತ್ತು. ನೀಲಿ ಬಟ್ಟೆ, ಮೂಲೆಗೆ ಬ್ರಿಟಿಷರ ಬಾವುಟದ ಗೆರೆ, ಪಕ್ಕದಲ್ಲಿ ನಕ್ಷತ್ರ. ಅದೊಂದೇ ಏಕೆ ಉಳಿಯಿತು ಎಂದು ಅವನು ಯೋಚಿಸಲಿಲ್ಲ. ಸಿಕ್ಕಿದ್ದೇ ಪುಣ್ಯ ಎಂದು ಓಡಿ ಬಂದಿದ್ದ.

"ಟ್ಯಾಕ್ಸ್ ಕಟ್ಟುದು ನಾವು, ಹೆದರುದೂ ನಾವಾ?" ಎಂದು ಈಗ ಸ್ಟೂಲಿನ ಮೇಲಿಂದಲೇ ಹಲ್ಲು ಕಡಿದ.

"ನಿಮ್ಮ ಶೌರ್ಯ ಒಳಗೆ ಬಂದು ತೋರಿಸಿ ಮಾರಾಯ್ರೆ. ಮಗಳು ಕಿಟಕಿಯಲ್ಲಿ ನೋಡ್ತಾ ಉಂಟು."

ಅಷ್ಟರಲ್ಲಿ ಎದುರು ಮನೆಯ ಪೋಪಿ ಆಂಟಿ ಕೋಲೂರಿಕೊಂಡು ಬಂದಳು. ಗ್ರೀಸಿನ ಲೆರೊಸ್ ಎಂಬ ದ್ವೀಪದಿಂದ ಹರೆಯದಲ್ಲೇ ಹಡಗು ಹತ್ತಿ ಬಂದವಳು, ಈಗ ತೊಂಬತ್ತರ ಹತ್ತಿರದ ಮುದುಕಿ. ಸ್ಟೂಲಿನ ಬುಡದಲ್ಲಿ ನಿಂತು, ತಲೆಯೆತ್ತಿ ನೋಡಿ, ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಕಮಾಲ್, ನೀನು ಯಾವಾಗ ನ್ಯೂಜಿಲೆಂಡಿನವನಾದೆ?" ಎಂದಳು ತನ್ನ ಮುರುಕು ಇಂಗ್ಲಿಷಿನಲ್ಲಿ. "ನಕ್ಷತ್ರ ನೋಡು. ಕೆಂಪು. ಇಲ್ಲಿಯದು ಬಿಳಿ."

ಕಮಲಾಕ್ಷ ಬಾವುಟ ಎಳೆದು ನೋಡಿದ. ಹೌದು, ಕೆಂಪು. ಬಾವುಟ ಇಲ್ಲದಿದ್ದರೆ ಬರೀ ಪರದೇಶಿ, ತಪ್ಪು ಬಾವುಟ ಹಾಕಿದರೆ ಗೇಲಿ ಮಾಡಿದ ಪರದೇಶಿ! ಗಡಬಡಿಸಿ ಒಂದು ಕಡೆಯ ಗಂಟು ಬಿಚ್ಚಿದ. ಬಾವುಟ ಜೋತುಬಿದ್ದು ಅವನ ಕೈಗೆ ಬಂತು.

"ಬೇಡ!" ಮುದುಕಿ ಕಿರುಚಿದಳು. ಅವಳ ಮುಖದಲ್ಲಿ ನಗುವಿನ ಸುಳಿವೂ ಉಳಿದಿರಲಿಲ್ಲ. "ಹಾಗೆ ನಿಲ್ಲಬೇಡ. ನನ್ನಪ್ಪ ಹೀಗೇ ನಿಂತಿದ್ದ."

"ಯಾವಾಗ ಆಂಟಿ?"

"ಯುದ್ಧದಲ್ಲಿ. ನಮ್ಮ ದ್ವೀಪದ ಮೇಲೆ ಮೊದಲು ಇಟಲಿಯವರ ಬಾವುಟ. ಅವರು ಸೋತರು, ಇಂಗ್ಲಿಷರು ಬಂದರು. ಅಮ್ಮ ಹಾಸಿಗೆ ಬಟ್ಟೆ ಹರಿದು ಇಂಗ್ಲಿಷರ ಬಾವುಟ ಹೊಲಿದಳು. ಅದು ಒಂದು ಮಳೆ ಕಾಣುವ ಮೊದಲೇ ಜರ್ಮನರು ಛತ್ರಿ ಕಟ್ಟಿಕೊಂಡು ಆಕಾಶದಿಂದ ಉದುರಿದರು. ಇಳಿಸಿಬಿಡೋಣ ಅಂತ ಅಪ್ಪ ಹತ್ತಿದ. ಅರ್ಧ ಬಿಚ್ಚಿದ್ದ, ಗುಂಡು ಬಿತ್ತು."

"ಜರ್ಮನರಾ?"

"ಯಾರಿಗೆ ಗೊತ್ತು? ಇಳಿಸುತ್ತಿದ್ದಾನೆ ಅಂತ ಇಂಗ್ಲಿಷರು ಹೊಡೆದರೋ, ಹಿಡಿದಿದ್ದಾನೆ ಅಂತ ಜರ್ಮನರು ಹೊಡೆದರೋ. ಕೆಳಗೆ ಏಣಿ ಹಿಡಿದಿದ್ದವಳು ನಾನು."

ಬೀದಿಯ ತುದಿಯಲ್ಲಿ ಹಾರ್ನ್ ಬಡಿದುಕೊಂಡಿತು. ಹಿಂಬದಿ ತೆರೆದ ಯೂಟ್ ಗಾಡಿಯೊಂದು ತಿರುಗಿತು. ಅದರ ತುಂಬ ಮೆರವಣಿಗೆಗೆ ಹೊರಟ ಗಂಡಸರು, ಹೆಗಲ ಮೇಲೆ ಬಾವುಟ. ವಿಜೇತಾ ತೋರಣವನ್ನು ಸೆರಗಿನಡಿ ಅಡಗಿಸುವಂತೆ ಜಾಕೆಟ್ಟಿನೊಳಗೆ ತುರುಕಿಕೊಂಡಳು. ಕಮಲಾಕ್ಷನಿಗೆ ಕಟ್ಟಲೂ ಕೈ ಬರಲಿಲ್ಲ, ಬಿಚ್ಚಲೂ ಬರಲಿಲ್ಲ. ಗಾಡಿ ಅವರ ಮನೆಯೆದುರೇ ನಿಧಾನವಾಯಿತು. ಒಬ್ಬ ಬಾಗಿ ಬಾವುಟವನ್ನು ನೋಡಿದ. ಆಮೇಲೆ ಕಮಲಾಕ್ಷನನ್ನು ನೋಡಿದ. ಹೆಬ್ಬೆರಳೆತ್ತಿದ.

"ಗುಡ್ ಆನ್ ಯಾ, ಮೇಟ್!"

ಗಾಡಿ ಹೊರಟುಹೋಯಿತು. ವಿಜೇತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಆ ಕತ್ತೆಗೂ ಅವನ ಫ್ಲಾಗ್ ಗುರುತಿಲ್ಲ, ನೋಡಿದ್ರಾ?"

ಕಮಲಾಕ್ಷನೂ ನಗಲು ಬಾಯಿ ತೆರೆದ. ಕೆಳಗೆ ಮುದುಕಿಯ ಮುಖ ನೋಡಿ ಮುಚ್ಚಿಕೊಂಡ.

"ಮೊದಲು ಬರುವವನಿಗೆ ಗೊತ್ತಿರುವುದಿಲ್ಲ," ಎಂದಳು ಪೋಪಿ ಆಂಟಿ. "ಗೊತ್ತಿರುವವನು ಹಿಂದೆ ಬರುತ್ತಾನೆ."

ತಿರುವಿನಲ್ಲಿ ಇನ್ನೊಂದು ಹಾರ್ನ್ ಕೇಳಿಸಿತು. ಮುದುಕಿ ಕೋಲು ಬಿಸಾಡಿ ಮಂಡಿಯೂರಿ, ಎರಡೂ ಕೈಗಳಿಂದ ಸ್ಟೂಲಿನ ಕಾಲನ್ನು ಬಿಗಿಯಾಗಿ ಹಿಡಿದುಕೊಂಡಳು.